ಜರ್ಮನ್ ಪೌರತ್ವದ ಅರ್ಜಿ: 16 ತಿಂಗಳಲ್ಲಿ ನಡೆದದ್ದು, ನಡೆಯದೆ ನಿಂತದ್ದು

ಕಳೆದ ವಾರ ಪೌರತ್ವದ ಪತ್ರ ಕೈಗೆ ಬಂತು. ಅರ್ಜಿ ಕೊಟ್ಟದ್ದು 2024ರ ಜುಲೈ ಕೊನೆಗೆ, ಪತ್ರ ಸಿಕ್ಕಿದ್ದು 2025ರ ನವೆಂಬರ್‌ನಲ್ಲಿ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಒಂದು ಜಿಲ್ಲಾ ಕಚೇರಿ ಅಂದರೆ ಸಾಕು, ಊರಿನ ಹೆಸರು ಬೇಡ. ಇಲ್ಲಿ ಬರೆಯುವ ತೊಂದರೆಗಳು ಹೆಚ್ಚುಕಡಿಮೆ ಎಲ್ಲ ಊರಿನವೂ ಹೌದು.

ಬ್ಲೂ ಕಾರ್ಡ್, ಅಂದರೆ ಓದಿದ ಕೆಲಸಗಾರರಿಗೆ ಕೊಡುವ ನಿವಾಸದ ಪರವಾನಗಿ, ಅದರ ಮೇಲೆ ಬಂದ ನಮ್ಮವರು ಕೇಳುವುದು ಮುಖ್ಯವಾಗಿ ಎರಡು ಪ್ರಶ್ನೆ. ಎಷ್ಟು ತಿಂಗಳಾಗುತ್ತೆ? ಗುಪ್ತಚರ ಇಲಾಖೆಯವರು ನಮ್ಮನ್ನೂ ಯಾಕೆ ಜಾಲಾಡ್ತಾರೆ? ಎರಡನ್ನೂ ಸೇರಿಸಿ, ಆ ತನಿಖೆಯಿಂದಲೇ ತಡವಾಗುತ್ತೆ ಅಂದುಕೊಂಡವರು ಬಹಳ. ನನ್ನ ಫೈಲಿನಲ್ಲಿ ಹಾಗಾಗಲಿಲ್ಲ. ತನಿಖೆಗೆ ಹಿಡಿದದ್ದು ಕೆಲವೇ ವಾರ. ಉಳಿದ ಕಾಲವೆಲ್ಲ ಫೈಲು ಯಾರೂ ಬಿಚ್ಚದೆ ರ‍್ಯಾಕಿನಲ್ಲಿ ಕೂತಿತ್ತು.

2024ರ ಜೂನ್ 27ರಂದು ಹೊಸ ಪೌರತ್ವ ಕಾನೂನು ಜಾರಿಗೆ ಬಂತು. 8 ವರ್ಷದ ವಾಸ 5ಕ್ಕೆ ಇಳಿಯಿತು, ಹಳೆಯ ದೇಶದ ಪೌರತ್ವ ಬಿಡಬೇಕೆಂಬ ಷರತ್ತೂ ಹೋಯಿತು. ಜರ್ಮನಿಯ ಕಡೆಯಿಂದ ಹೋಯಿತು ಅಷ್ಟೆ, ಭಾರತದ ಕಡೆಯ ಮಾತು ಕೊನೆಗೆ ಬರುತ್ತದೆ. ಆ ಒಂದೇ ವರ್ಷದಲ್ಲಿ 2,91,955 ಜನ ಜರ್ಮನ್ನರಾದರು, ಅದರಲ್ಲಿ 83,150 ಮಂದಿ ಸಿರಿಯಾದವರು. ಕಚೇರಿಯ ಗುಮಾಸ್ತರ ಸಂಖ್ಯೆ ಮಾತ್ರ ಹಾಗೆ ಬೆಳೆಯಲಿಲ್ಲ. ಜುಲೈನಲ್ಲಿ ಅರ್ಜಿ ಕೊಟ್ಟವರೆಲ್ಲ ಆ ಸಾಲಿನ ಬಾಲಕ್ಕೆ ನಿಂತವರು.

ಅದೇ ಕಾನೂನು ಒಂದು ಬಾಗಿಲು ಅಗಲ ಮಾಡಿ ಇನ್ನೊಂದನ್ನು ಕಿರಿದು ಮಾಡಿತು. ಯಹೂದಿದ್ವೇಷ, ಜನಾಂಗದ್ವೇಷದಂಥ ಉದ್ದೇಶದಿಂದ ಮಾಡಿದ ಅಪರಾಧಕ್ಕೆ ಶಿಕ್ಷೆ ಎಷ್ಟೇ ಸಣ್ಣದಿರಲಿ, ಪೌರತ್ವ ಇಲ್ಲ. ಒಬ್ಬರಿಗಿಂತ ಹೆಚ್ಚು ಜನರನ್ನು ಮದುವೆಯಾಗಿದ್ದರೆ ಇಲ್ಲ. ಗಂಡು ಹೆಣ್ಣು ಸಮಾನರೆಂಬುದನ್ನು ಒಪ್ಪದವರೆಂದು ನಡವಳಿಕೆಯಿಂದ ಕಂಡರೂ ಇಲ್ಲ. ಈ ರಾಜ್ಯಕ್ಕೆ ಇಂಥ ಭಯದ ಹಳೆಯ ಇತಿಹಾಸವೇ ಇದೆ. 2006ರ ಜನವರಿಯಿಂದ ಇಲ್ಲಿ 30 ಪ್ರಶ್ನೆಗಳ ಒಂದು ಸಂದರ್ಶನದ ಕೈಪಿಡಿ ಇತ್ತು. ಮುಖ್ಯವಾಗಿ ಮುಸ್ಲಿಂ ದೇಶಗಳಿಂದ ಬಂದವರನ್ನು ಕೂರಿಸಿ, ‘ನಿಮ್ಮ ಮಗ ಬಂದು ತಾನು ಸಲಿಂಗಿ ಅಂದರೆ ಏನು ಮಾಡ್ತೀರಿ’ ಎಂಬಂಥವನ್ನು ಕೇಳುತ್ತಿದ್ದರು. ಟೀಕೆ ಬಂದು, ಸರ್ಕಾರ ಬದಲಾಗಿ, 2011ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ, 2008ರ ಸೆಪ್ಟೆಂಬರ್‌ನಿಂದ, ಎಲ್ಲ ಧರ್ಮದ ಎಲ್ಲ ದೇಶದವರಿಗೂ ಒಂದೇ ಪರೀಕ್ಷೆ ಬಂದಿತ್ತು. ಈಗ ನಾವು ಬರೆಯುವುದು ಅದನ್ನೇ.

ಪರೀಕ್ಷೆ ಕಷ್ಟವಲ್ಲ, ಸೀಟು ಸಿಗುವುದು ಕಷ್ಟ. ನಡೆಸುವುದು ಊರಿನ ಫೋಲ್ಕ್ಸ್‌ಹೋಖ್‌ಶೂಲೆ, ಅಂದರೆ ವಯಸ್ಕರ ಶಿಕ್ಷಣ ಕೇಂದ್ರ. ಶುಲ್ಕ 25 ಯೂರೋ. 33 ಪ್ರಶ್ನೆ, 60 ನಿಮಿಷ, 17 ಸರಿಯಾದರೆ ಪಾಸು. 30 ಪ್ರಶ್ನೆ ದೇಶದ್ದು, 3 ನೀವಿರುವ ರಾಜ್ಯದ್ದು. ಪ್ರಶ್ನೆಗಳೆಲ್ಲ ಮೊದಲೇ ಬಹಿರಂಗ: ದೇಶದ್ದು 300, ರಾಜ್ಯದ್ದು 10. ದಿನಕ್ಕೆ 30ರಂತೆ ಓದಿದರೆ ಹತ್ತು ಹನ್ನೊಂದು ದಿನದ ಕೆಲಸ. ನಮ್ಮೂರಲ್ಲಿ ಎರಡು ತಿಂಗಳ ತನಕ ಸೀಟು ಇರಲಿಲ್ಲ, 40 ಕಿಲೋಮೀಟರ್ ದೂರದ ಸಣ್ಣ ಪಟ್ಟಣದಲ್ಲಿ ಮುಂದಿನ ವಾರಕ್ಕೇ ಸಿಕ್ಕಿತು. ಅದೇ ರಾಜ್ಯದ ಕೇಂದ್ರವಾದರೆ ಒಳ್ಳೆಯದು, ರಾಜ್ಯದ ಪ್ರಶ್ನೆ ತಪ್ಪಿ ಬೇರೆಯದು ಬರುವ ಗೊಂದಲ ಇರುವುದಿಲ್ಲ. ಫಲಿತಾಂಶ ನ್ಯೂರ್ನ್‌ಬೆರ್ಗ್‌ನ ವಲಸೆ ಇಲಾಖೆಯಿಂದ ಅಂಚೆಯಲ್ಲಿ ಬರುತ್ತದೆ. ವಾರಗಟ್ಟಲೆ ಕಾಯಬೇಕು, ಆದ್ದರಿಂದ ಉಳಿದ ಕಾಗದಗಳನ್ನು ಕೂಡಿಸುವ ಮೊದಲೇ ಇದನ್ನು ಬರೆದು ಮುಗಿಸಿ. ಕಾಯಂ ನಿವಾಸದ ಪರವಾನಗಿಗೆಂದು ಈ ಪರೀಕ್ಷೆ ಹಿಂದೆಯೇ ಬರೆದವರು, 17 ಸರಿಯಾಗಿದ್ದರೆ, ಮತ್ತೆ ಬರೆಯಬೇಕಾಗಿಲ್ಲ.

2024ರಲ್ಲಿ ಪ್ರಶ್ನೆಗಳ ಪಟ್ಟಿಗೆ ಹೊಸದಾಗಿ ಸೇರಿದವು ಯಹೂದಿಗಳ ಬದುಕು ಮತ್ತು ಇಸ್ರೇಲಿನ ಬಗ್ಗೆ. ನಮ್ಮವರು ಎಡವುವುದು ಇಲ್ಲೇ. ಜರ್ಮನಿಯಲ್ಲಿ ಸುಮಾರು 40 ಮಕ್ಕಾಬಿ ಕ್ರೀಡಾ ಸಂಘಗಳಿವೆ, ಅವು ಯಹೂದಿ ಸಂಘಗಳು. ಅವುಗಳಿಗೆ ಯಾರು ಸದಸ್ಯರಾಗಬಹುದು? ‘ಯಹೂದಿಗಳು ಮಾತ್ರ’ ಎಂದು ಗುರುತು ಹಾಕಲು ಕೈ ತಾನಾಗಿ ಹೋಗುತ್ತದೆ. ಸರಿ ಉತ್ತರ, ಎಲ್ಲರೂ. ನಾಜಿಗಳ ಯಹೂದಿ ಹತ್ಯಾಕಾಂಡ ನಡೆದೇ ಇಲ್ಲ ಎಂದವನಿಗೆ ಶಿಕ್ಷೆ ಏನು? ಐದು ವರ್ಷದ ತನಕ ಜೈಲು ಅಥವಾ ದಂಡ. ಹಳೆಯ ಪ್ರಶ್ನೆಗಳಲ್ಲಿ ಒಂದು ನಮ್ಮ ಹಿರಿಯರಿಗೆ ಹೇಳಿ ಮಾಡಿಸಿದಂತಿದೆ: 22 ವರ್ಷದ ಹುಡುಗಿ ಗೆಳೆಯನ ಜತೆ ವಾಸವಿದ್ದಾಳೆ, ಅಪ್ಪ ಅಮ್ಮನಿಗೆ ಅದು ಸುತರಾಂ ಇಷ್ಟವಿಲ್ಲ, ಅವರು ಏನು ಮಾಡಬಹುದು? ಮಗಳ ತೀರ್ಮಾನವನ್ನು ಒಪ್ಪಿ ಸುಮ್ಮನಿರಬೇಕು.

ಜರ್ಮನ್ ಭಾಷೆ ಬಿ-1 ಮಟ್ಟದ್ದು, ಅಂದರೆ ದಿನದ ವ್ಯವಹಾರಕ್ಕೆ ಆಗುವಷ್ಟು, ಸಾಕು. ಪ್ರಮಾಣಪತ್ರವನ್ನು ಪರೀಕ್ಷೆ ಬರೆದು ಪಡೆಯಿರಿ, ‘ಏರ್ಪಾಟು ಮಾಡ್ತೀವಿ’ ಅನ್ನುವವರ ಹತ್ತಿರ ಸುಳಿಯಬೇಡಿ. ಮೋಸದಿಂದ ಪಡೆದ ಪೌರತ್ವವನ್ನು 10 ವರ್ಷದ ತನಕ ವಾಪಸ್ ಪಡೆಯಬಹುದು. ಭಾರತದ ಪೌರತ್ವ ಆಗಲೇ ಹೋಗಿರುತ್ತದೆ ಎಂಬುದನ್ನು ನೆನಪಿಡಿ.

ಇನ್ನು ಕಾಗದ ಪತ್ರ. ಪಾಸ್‌ಪೋರ್ಟ್, ನಿವಾಸದ ಕಾರ್ಡು, ಸಂಬಳದ ಚೀಟಿಗಳು, ಕೆಲಸದ ಕರಾರು, ಕೆಲಸ ಮುಂದುವರಿದಿದೆ ಎಂದು ಕಂಪನಿ ಕೊಡುವ ಪತ್ರ, ಪಿಂಚಣಿ ವಿಮೆಯ ಲೆಕ್ಕ, ಮನೆಯ ಬಾಡಿಗೆ ಕರಾರು, ಮದುವೆಯಾಗಿದ್ದರೆ ಅದರ ಪ್ರಮಾಣಪತ್ರ. ಇವು ಯಾವುದೂ ತಲೆನೋವಲ್ಲ. ತಲೆನೋವು ಜನನ ಪ್ರಮಾಣಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ಇದೆಯಲ್ಲ ಅಂದರೆ ನಡೆಯುವುದಿಲ್ಲ. ಕರ್ನಾಟಕದಲ್ಲಿ ಹಿಂದಿನವರ ಪ್ರಮಾಣಪತ್ರ ತೆಗೆದು ನೋಡಿ, ಹೆಸರಿನ ಕಲಂ ಖಾಲಿ ಇರುತ್ತದೆ, ಬರೀ ‘ಗಂಡು’ ಅಥವಾ ‘ಹೆಣ್ಣು’ ಅಂತ ಇರುತ್ತದೆ. ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಿಕೊಳ್ಳಿ. ಹುಟ್ಟು ನೋಂದಣಿಯೇ ಆಗಿರದಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ಊರಿಗೆ ಹೋದಾಗ ಒಂದು ವಾರ ಬಿಡುವಿಟ್ಟುಕೊಳ್ಳಿ, ಮನೆಯವರ ಕೈಯಲ್ಲಿ ಅಲೆಸಬೇಡಿ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರತಿ ತೆಗೆಸಿ. ಕನ್ನಡದಿಂದ ಜರ್ಮನ್‌ಗೆ ಅನುವಾದಿಸುವ, ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರು ಸಿಗುವುದೇ ಅಪರೂಪ, ಇಂಗ್ಲಿಷ್‌ನಿಂದ ಮಾಡುವವರು ಪ್ರತಿ ಊರಲ್ಲೂ ಇದ್ದಾರೆ.

ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಒಂದು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ಮುದ್ರೆ, ಅದನ್ನು ಹಾಕಿಸಿಕೊಂಡು ಬರುವವರಿಗೆ ಒಂದು ಮಾತು. ಅದಕ್ಕೆ ದುಡ್ಡು ದಂಡ ಮಾಡಬೇಡಿ. ಆ ಒಪ್ಪಂದಕ್ಕೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ಆದ್ದರಿಂದ ಭಾರತದ ಅಪೊಸ್ಟಿಲ್‌ಗೆ ಇಲ್ಲಿ ಬೆಲೆಯಿಲ್ಲ. ಕಾಗದದ ಮೇಲೆ ಅನುಮಾನ ಬಂದರೆ ಇಲ್ಲಿನ ಕಚೇರಿಯೇ ಭಾರತದಲ್ಲಿರುವ ಜರ್ಮನ್ ದೂತಾವಾಸದ ಮೂಲಕ, ಅವರು ಗೊತ್ತುಮಾಡಿದ ವಕೀಲರ ಕೈಯಲ್ಲಿ ಪರಿಶೀಲನೆ ಮಾಡಿಸುತ್ತದೆ. ಖರ್ಚು ಅರ್ಜಿದಾರರದ್ದು, ತಿಂಗಳುಗಳೂ ಅವರವೇ.

ಫೈಲಿನ ಕೊನೆಯಲ್ಲಿರುವ ಹಾಳೆಗಳನ್ನು ಜನ ಓದದೆ ಸಹಿ ಹಾಕುತ್ತಾರೆ. ಓದಬೇಕಾದವು ಅವೇ. ಟಿವಿ ಚರ್ಚೆಯಲ್ಲಿ ಗಂಟೆಗಟ್ಟಲೆ ಕೂಗಾಡುವ ವಿಷಯವೆಲ್ಲ ಅಲ್ಲಿ ಕೆಲವು ಸಾಲಾಗಿ ಕೂತಿದೆ. ಸ್ವತಂತ್ರ ಪ್ರಜಾಸತ್ತಾತ್ಮಕ ವ್ಯವಸ್ಥೆಯನ್ನು ಒಪ್ಪುತ್ತೇನೆ. ಅದರ ವಿರುದ್ಧದ ಯಾವುದೇ ಪ್ರಯತ್ನವನ್ನು ಈಗ ಬೆಂಬಲಿಸುತ್ತಿಲ್ಲ, ಹಿಂದೆಯೂ ಬೆಂಬಲಿಸಿಲ್ಲ, ಬೆಂಬಲಿಸಿದ್ದರೆ ಅದರಿಂದ ಹೊರಬಂದಿದ್ದೇನೆ. ನಾಜಿ ಆಡಳಿತದ ಅನ್ಯಾಯಕ್ಕೆ ಜರ್ಮನಿ ಹೊತ್ತಿರುವ ಹೊಣೆಯನ್ನು, ವಿಶೇಷವಾಗಿ ಯಹೂದಿ ಬದುಕಿನ ರಕ್ಷಣೆಯನ್ನು, ಒಪ್ಪುತ್ತೇನೆ. ಪಕ್ಕದ ಬವೇರಿಯಾದಲ್ಲಿ ಇದರ ಜತೆಗೆ ಉಗ್ರಗಾಮಿ ಸಂಘಟನೆಗಳ ಉದ್ದ ಪಟ್ಟಿಯನ್ನೇ ಕೊಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಸದಸ್ಯರಾಗಿದ್ದಿರಾ ಎಂದು ಕೇಳುತ್ತಾರೆ. ಅದರಲ್ಲಿ ಇಸ್ಲಾಮಿ ಗುಂಪುಗಳ ಜತೆಗೆ ಬಲಪಂಥೀಯರು, ಎಡಪಂಥೀಯರು, ಕುರ್ದರ ಬಂಡುಕೋರ ಸಂಘಟನೆ ಪಿಕೆಕೆ, ಎಲ್‌ಟಿಟಿಇ, ಸೈಂಟಾಲಜಿ ಎಂಬ ಪಂಥ ಎಲ್ಲವೂ ಇವೆ. ‘ಅದು ಅವರಿಗೆ, ನಮಗಲ್ಲ’ ಅಂದುಕೊಂಡು ಪುಟ ತಿರುಗಿಸುವವರಿಗೆ ಇದನ್ನು ಹೇಳುತ್ತಿದ್ದೇನೆ.

ಪೊಲೀಸ್ ಕೇಸಿನ ಕಲಂ ಇನ್ನೊಂದು. ಹಳೆಯ ಶಿಕ್ಷೆ 90 ದಿನದ ದರದ ದಂಡಕ್ಕಿಂತ ಹೆಚ್ಚಿಲ್ಲದಿದ್ದರೆ ಅಡ್ಡಿಯಿಲ್ಲ. ಇಲ್ಲಿ ದಂಡವನ್ನು ದಿನದ ಸಂಪಾದನೆಯ ಲೆಕ್ಕದಲ್ಲಿ ಹಾಕುತ್ತಾರೆ. ಆದರೆ ತನಿಖೆ ನಡೆಯುತ್ತಿದ್ದರೆ, ಅದು ಮುಗಿಯುವ ತನಕ ಅರ್ಜಿ ಅಲ್ಲೇ ನಿಲ್ಲುತ್ತದೆ. ಟಿಕೆಟ್ ಇಲ್ಲದೆ ಟ್ರಾಮಿನಲ್ಲಿ ಸಿಕ್ಕಿಬಿದ್ದರೆ 60 ಯೂರೋ ಕಟ್ಟಿ ಮುಗಿಯಿತು ಅಂದುಕೊಳ್ಳುತ್ತೇವೆ, ಮತ್ತೆ ಮತ್ತೆ ಸಿಕ್ಕರೆ ಅದು ಪೊಲೀಸ್ ದೂರಾಗುತ್ತದೆ. ಇನ್ನೂ ಮುಖ್ಯವಾದದ್ದು, ಹೊರದೇಶದಲ್ಲಿ ನಡೆಯುತ್ತಿರುವ ಕ್ರಿಮಿನಲ್ ಕೇಸನ್ನೂ ಅರ್ಜಿಯಲ್ಲಿ ಬರೆಯಲೇಬೇಕು. ಚೆಕ್ ಬೌನ್ಸ್, ಕೌಟುಂಬಿಕ ಕಿರುಕುಳದ ದೂರು, ಜಮೀನಿನ ಜಗಳದಲ್ಲಿ ದಾಯಾದಿಗಳು ಹಾಕಿದ ಹಲ್ಲೆ ಕೇಸು, ಊರಲ್ಲಿ ಇವು ವರ್ಷಾನುಗಟ್ಟಲೆ ಎಳೆಯುತ್ತವೆ, ನಾವು ಮರೆತೇ ಬಿಟ್ಟಿರುತ್ತೇವೆ. ಬರೆದರೆ ತಡವಾದೀತು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಅದು ಮೋಸದ ಲೆಕ್ಕಕ್ಕೆ ಹೋಗುತ್ತದೆ.

ಸ್ವಸ್ತಿಕದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಕಾರು ತಂದು ಬಾನೆಟ್ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತೇವೆ. ಕಾನೂನಿನ ಗುರಿ ನಾಜಿ ಚಿಹ್ನೆ, ಪೂಜೆಯಲ್ಲ. ಆದರೆ ಎದುರು ಮನೆಯ ಅಜ್ಜಿ ಕಿಟಕಿಯಿಂದ ನೋಡಿ ಪೊಲೀಸರಿಗೆ ಫೋನ್ ಮಾಡಿದರೆ ವಿವರಿಸುವ ಕೆಲಸ ನಿಮ್ಮದು, ಅದೂ ಅರ್ಜಿ ನಡೆಯುತ್ತಿರುವಾಗ. ಪೂಜೆ ಗ್ಯಾರೇಜಿನೊಳಗೆ ಆಗಲಿ, ರಸ್ತೆಗಿಳಿಯುವ ಮೊದಲು ಒರೆಸಿ. ಓಂ ಬರೆದರೂ ಗಾಡಿ ಓಡುತ್ತದೆ.

ಅರ್ಜಿ ಕೊಟ್ಟ ಮೇಲೆ ಬಂದದ್ದು ಒಂದೇ ಕಾಗದ: ಅರ್ಜಿ ತಲುಪಿದೆ, ವಿಚಾರಿಸಿ ಪತ್ರ ಬರೆಯಬೇಡಿ, ಬರೆದರೆ ಇನ್ನೂ ತಡವಾಗುತ್ತದೆ. ಶುಲ್ಕ ದೊಡ್ಡವರಿಗೆ 255 ಯೂರೋ, ಜತೆಗೆ ಅರ್ಜಿ ಹಾಕುವ ಮಗುವಿಗೆ 51.

ಆ ಮೌನದ ಕಾಲದಲ್ಲಿ ಹೊರಗಿನ ಗಾಳಿ ಬದಲಾಗುತ್ತಿತ್ತು. ಅರ್ಜಿ ಕೊಡುವ ಮೊದಲೇ, 2024ರ ಮೇ 31ರಂದು, ಇದೇ ರಾಜ್ಯದ ಮಾನ್‌ಹೈಮ್‌ನ ಮಾರುಕಟ್ಟೆ ಚೌಕದಲ್ಲಿ, ಇಸ್ಲಾಂ ವಿರೋಧಿ ಗುಂಪೊಂದರ ಸಭೆಯ ಮೇಲೆ ಅಫ್ಘನ್ ಯುವಕನೊಬ್ಬ ಚಾಕುವಿನಿಂದ ಎರಗಿದ್ದ, ತಡೆಯಲು ಹೋದ ಯುವ ಪೊಲೀಸ್ ಅಧಿಕಾರಿ ತೀರಿಕೊಂಡರು. ನಾನು ಅರ್ಜಿ ಕೊಟ್ಟು ನಾಲ್ಕು ವಾರಕ್ಕೆ, ಆಗಸ್ಟ್ 23ರಂದು, ಜೋಲಿಂಗೆನ್ ಊರಹಬ್ಬದಲ್ಲಿ ಸಿರಿಯಾದವನೊಬ್ಬ ಮೂವರನ್ನು ಕೊಂದ. ಅವನನ್ನು ಹಿಂದಿನ ವರ್ಷವೇ ಬಲ್ಗೇರಿಯಾಕ್ಕೆ ಕಳಿಸಬೇಕಾಗಿತ್ತು. ಕರೆದೊಯ್ಯಲು ಹೋದ ದಿನ ವಸತಿಯಲ್ಲಿ ಸಿಗಲಿಲ್ಲ, ಗಡುವು ಕಳೆದುಹೋಯಿತು. ಅಲ್ಲಿ ಎಡವಿದ್ದು ಗಡೀಪಾರಿನ ವ್ಯವಸ್ಥೆ. ಪೌರತ್ವದ ಪರೀಕ್ಷೆಗೆ 17ರ ಬದಲು 30 ಅಂಕ ಇಟ್ಟಿದ್ದರೂ ಅದು ತಪ್ಪುತ್ತಿರಲಿಲ್ಲ. ಆದರೆ ಚರ್ಚೆ ಶುರುವಾದಾಗ ಎಲ್ಲ ಬಗೆಯ ವಲಸಿಗರೂ ಒಂದೇ ಮಾತಿನಲ್ಲಿ ಸೇರಿಹೋಗುತ್ತಾರೆ. ನಾನು ಕೆಲಸ ಮಾಡುವ ಕಚೇರಿಯ ಕ್ಯಾಂಟೀನಿನಲ್ಲಿ ‘ನಿಮ್ಮ ಬಗ್ಗೆ ಅಲ್ಲ ಬಿಡಿ’ ಅನ್ನುವ ಮಾತು ಆ ದಿನಗಳಲ್ಲಿ ಎಷ್ಟೋ ಸಲ ಕಿವಿಗೆ ಬಿತ್ತು. ಸಮಾಧಾನಕ್ಕೆ ಹೇಳುತ್ತಿದ್ದರು, ಚುಚ್ಚುತ್ತಿತ್ತು.

ಇದರಿಂದ ದಿನದ ಬದುಕಿಗೆ ಬಂದ ಬದಲಾವಣೆ ಎರಡು. 2024ರ ಸೆಪ್ಟೆಂಬರ್ 16ರಿಂದ ಎಲ್ಲ ಭೂಗಡಿಗಳಲ್ಲೂ ತಪಾಸಣೆ. ಬಾಸೆಲ್, ಸ್ಟ್ರಾಸ್‌ಬೂರ್, ಜಾಲ್ಸ್‌ಬುರ್ಗ್ ಕಡೆಯಿಂದ ರೈಲಿನಲ್ಲಿ ವಾಪಸ್ ಬರುವಾಗ ಪಾಸ್‌ಪೋರ್ಟ್ ಮತ್ತು ನಿವಾಸದ ಕಾರ್ಡು ಎರಡರ ಅಸಲನ್ನೂ ಜೇಬಿನಲ್ಲಿಡಿ, ಫೋನಿನಲ್ಲಿರುವ ಫೋಟೋ ಸಾಲದು. ಎರಡನೆಯದು ಅಕ್ಟೋಬರ್ ಕೊನೆಯಿಂದ ಬಂದ ಚಾಕು ನಿಷೇಧ: ಹಬ್ಬ ಜಾತ್ರೆಗಳಲ್ಲಿ, ದೂರದ ರೈಲುಗಳಲ್ಲಿ ಚಾಕು ಇಟ್ಟುಕೊಳ್ಳುವಂತಿಲ್ಲ. ಕನ್ನಡ ಸಂಘದ ಗಣಪತಿ ಹಬ್ಬಕ್ಕೆ ಬೇರೆ ಊರಿಂದ ತರಕಾರಿ ಚಾಕು ಒಯ್ಯುವವರು ಅದನ್ನು ಡಬ್ಬಿಗೆ ಹಾಕಿ, ಬೀಗ ಹಾಕಿದ ಪೆಟ್ಟಿಗೆಯ ತಳದಲ್ಲಿಡಿ, ಕೈಚೀಲದಲ್ಲಿ ಬೇಡ. ತೆಂಗಿನಕಾಯಿ ಒಡೆಯುವ ಮಚ್ಚನ್ನು ಹಬ್ಬ ನಡೆಯುವ ಊರಿನವರೇ ತರಲಿ.

2025ರ ಜುಲೈನಲ್ಲಿ, ಅಂದರೆ ಸುಮಾರು ಒಂದು ವರ್ಷಕ್ಕೆ, ಫೈಲು ತೆರೆಯಿತು. ಮೊದಲ ಪತ್ರ: ಸಂಬಳದ ಚೀಟಿಗಳು ಹಳತಾಗಿವೆ, ಇತ್ತೀಚಿನ ಮೂರು ತಿಂಗಳವು ಕಳಿಸಿ. ಅವರ ತಡಕ್ಕೆ ನಮ್ಮ ಕಾಗದ ಹಳತಾಗಿದ್ದು, ಆದರೂ ವಾದಿಸದೆ ಎರಡು ದಿನದಲ್ಲಿ ಕಳಿಸಿ. ಕಾಯುವ ಕಾಲದಲ್ಲಿ ಕೆಲಸ ಬದಲಿಸುವವರು ಗಮನಿಸಿ, ಹೊಸ ಕೆಲಸದ ಪ್ರೊಬೇಷನ್ ನಡೆಯುತ್ತಿರುವಾಗ ಫೈಲು ತೆರೆದರೆ ಅದು ಮುಗಿಯಲಿ ಎಂದು ಮತ್ತೆ ಪಕ್ಕಕ್ಕಿಡುವ ಅಧಿಕಾರಿಗಳಿದ್ದಾರೆ. ಊರಿಂದಲೇ ಕೆಲಸ ಮಾಡುತ್ತೇನೆಂದು ಬೆಂಗಳೂರಿಗೆ ಹೋದವರು ಒಂದೇ ಸಲಕ್ಕೆ ಆರು ತಿಂಗಳು ದಾಟಿಸಬೇಡಿ, ವಾಸದ ಲೆಕ್ಕ ಮುರಿಯುವ ಅಪಾಯವಿದೆ.

ಆಮೇಲೆ ಏಕಕಾಲಕ್ಕೆ ಎರಡು ವಿಚಾರಣೆ ಹೊರಟವು. ಒಂದು ಬಾನ್‌ನಲ್ಲಿರುವ ಕೇಂದ್ರ ಅಪರಾಧ ದಾಖಲೆಗೆ. ಇನ್ನೊಂದು ಫೆರ್ಫಾಸುಂಗ್ಸ್‌ಶುಟ್ಸ್‌ಗೆ, ಅಂದರೆ ಸಂವಿಧಾನಕ್ಕೆ ಕಾವಲು ಎಂಬ ಹೆಸರಿನ ಒಳನಾಡು ಗುಪ್ತಚರ ಇಲಾಖೆಗೆ. 16 ವರ್ಷ ತುಂಬಿದ ಪ್ರತಿ ಅರ್ಜಿದಾರರ ವಿವರವೂ ಅಲ್ಲಿಗೆ ಹೋಗುತ್ತದೆ, ಹೆಸರು ಮಹಮ್ಮದ್ ಇರಲಿ, ಮಂಜುನಾಥ ಇರಲಿ. ಅವರು ಮನೆಗೆ ಬರುವುದಿಲ್ಲ, ಪಕ್ಕದವರನ್ನು ಕೇಳುವುದಿಲ್ಲ. ಬಂಧಿಸುವ ಅಧಿಕಾರವೂ ಅವರಿಗಿಲ್ಲ, ಅದು ಪೊಲೀಸರದ್ದು. ತಮ್ಮ ಕಡತದಲ್ಲಿ ಈ ಹೆಸರಿಗೆ ಏನಾದರೂ ಇದೆಯೇ ಎಂದು ನೋಡಿ ಉತ್ತರಿಸುತ್ತಾರೆ. ನನ್ನದಕ್ಕೆ ಐದು ವಾರದಲ್ಲಿ ಉತ್ತರ ಬಂತೆಂದು ಆಮೇಲೆ ಅಧಿಕಾರಿಣಿ ಹೇಳಿದರು. ನಮ್ಮೂರ ಪಾಸ್‌ಪೋರ್ಟ್ ವೆರಿಫಿಕೇಷನ್‌ಗೆ ಪೇದೆ ಮನೆಗೆ ಬಂದು ಚಹಾ ಕುಡಿದು ಹೋಗುವುದಕ್ಕೆ ಹೋಲಿಸಿದರೆ, ಇದು ನಡೆದದ್ದೇ ಗೊತ್ತಾಗುವುದಿಲ್ಲ.

ಈ ನಡುವೆ ಕೆಲವರಿಗೆ ಏಟು ಬಿದ್ದದ್ದು ಬೇರೆ ಕಡೆ. ಸಿ-1 ಎಂಬ ಮೇಲಿನ ಮಟ್ಟದ ಭಾಷೆ, ಒಳ್ಳೆಯ ಕೆಲಸ ಇದ್ದವರಿಗೆ 3 ವರ್ಷಕ್ಕೇ ಪೌರತ್ವ ಕೊಡುವ ದಾರಿಯೂ 2024ರ ಕಾನೂನಿನಲ್ಲಿತ್ತು. ‘ಟರ್ಬೊ’ ಎಂದು ಹೆಸರಿಟ್ಟು ಚುನಾವಣೆಯ ವಿಷಯ ಮಾಡಿದರು. 2025ರ ಅಕ್ಟೋಬರ್ 8ರಂದು ಸಂಸತ್ತು ಅದನ್ನು ರದ್ದು ಮಾಡಿತು, ಅಕ್ಟೋಬರ್ 30ರಿಂದ ಜಾರಿ. ತೀರ್ಮಾನವಾಗದೆ ಉಳಿದಿದ್ದ ಅರ್ಜಿಗಳಿಗೂ 5 ವರ್ಷದ ನಿಯಮವೇ. ಎಲ್ಲಕ್ಕಿಂತ ಚೆನ್ನಾಗಿ ಬೆರೆತವರಿಗೆಂದು ಇದ್ದ ದಾರಿಯನ್ನು ಮುಚ್ಚಿ, ಬೆರೆಯುವಿಕೆ ಸಾಲದು ಎಂಬ ದೂರಿಗೆ ಅದನ್ನು ಉತ್ತರವೆಂದು ತೋರಿಸಿದ್ದು ನನಗಿನ್ನೂ ಅರ್ಥವಾಗಿಲ್ಲ.

ಮೂರು ತಿಂಗಳು ದಾಟಿದರೂ ಕಾರಣವಿಲ್ಲದೆ ತೀರ್ಮಾನ ಮಾಡದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. ಪರಿಚಯದ ಇಬ್ಬರು ಹೋದರು, ಫೈಲು ಬೇಗ ತೆರೆಯಿತು. ದಾಖಲೆ ಪೂರ್ತಿ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಒಂದು ಕಾಗದ ಕಡಿಮೆಯಿದ್ದರೂ ‘ತಡ ಅವರದೇ’ ಎಂದು ಕಚೇರಿ ಕೈ ತೊಳೆದುಕೊಳ್ಳುತ್ತದೆ, ಕೋರ್ಟಿನ ಖರ್ಚು ನಿಮ್ಮ ತಲೆಗೆ.

ಪತ್ರ ಕೊಡುವ ದಿನ ಎದ್ದು ನಿಂತು ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಬೇಕು: ಸಂವಿಧಾನವನ್ನೂ ಕಾನೂನುಗಳನ್ನೂ ಗೌರವಿಸುತ್ತೇನೆ, ದೇಶಕ್ಕೆ ಹಾನಿಯಾಗುವ ಯಾವುದನ್ನೂ ಮಾಡುವುದಿಲ್ಲ. ಹಾಳೆ ನೋಡಿಕೊಂಡು ಓದಬಹುದು. ಆಮೇಲೆ ಅಧಿಕಾರಿ ಕೈ ಚಾಚುತ್ತಾರೆ. ಈ ರಾಜ್ಯದಲ್ಲಿ ಆ ಕೈಕುಲುಕಿಗೊಂದು ಕಥೆಯಿದೆ. ಲೆಬನಾನಿನಿಂದ 2002ರಲ್ಲಿ ಬಂದು ಇಲ್ಲೇ ವೈದ್ಯರಾದವರೊಬ್ಬರು ಪೌರತ್ವ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿದ್ದರು. 2015ರಲ್ಲಿ ಪತ್ರ ಪಡೆಯುವ ಹೊತ್ತಿಗೆ ಮಹಿಳಾ ಅಧಿಕಾರಿಯ ಕೈ ಕುಲುಕಲು ಒಪ್ಪಲಿಲ್ಲ. ಪತ್ರ ಕೊಡಲಿಲ್ಲ. 2020ರಲ್ಲಿ ರಾಜ್ಯದ ಉಚ್ಚ ಆಡಳಿತ ನ್ಯಾಯಾಲಯವೂ ಕಚೇರಿಯ ಪರವಾಗಿಯೇ ತೀರ್ಪು ಕೊಟ್ಟಿತು. ಹೆಣ್ಣೆಂಬ ಕಾರಣಕ್ಕೆ ಕೈ ನಿರಾಕರಿಸುವುದು ಸಮಾನತೆಯನ್ನು ನಿರಾಕರಿಸಿದಂತೆ ಎಂಬುದು ಅದರ ನಿಲುವು. ತೀರ್ಪು ಸರಿಯೋ ತಪ್ಪೋ ವಾದಿಸಲು ಬೇರೆ ಜಾಗಗಳಿವೆ. ಆ ದಿನ ನೆಗಡಿಯಿದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಕೈ ಕೊಡಿ.

ಪತ್ರ ಕೈಗೆ ಬಂದ ಗಳಿಗೆಯಲ್ಲೇ, 1955ರ ಪೌರತ್ವ ಕಾಯಿದೆಯ 9ನೇ ಕಲಂ ಪ್ರಕಾರ, ಭಾರತದ ಪೌರತ್ವ ಹೋಗುತ್ತದೆ. ಯಾರೂ ಬಂದು ರದ್ದು ಮಾಡಬೇಕಾಗಿಲ್ಲ. ಜೇಬಿನಲ್ಲಿರುವ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಿದರೆ ದಂಡ, ಜರ್ಮನ್ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಈ ನಡುವಿನ ವಾರಗಳಿಗೆ ಮದುವೆ, ಮುಂಜಿ, ಟಿಕೆಟ್ ಏನನ್ನೂ ಇಟ್ಟುಕೊಳ್ಳಬೇಡಿ. ಜರ್ಮನ್ ಪಾಸ್‌ಪೋರ್ಟ್ 70 ಯೂರೋ, ಫೋಟೋ ಈಗ ಕಾಗದದ್ದು ನಡೆಯುವುದಿಲ್ಲ, ಡಿಜಿಟಲ್ ಆಗಿಯೇ ಹೋಗಬೇಕು. ಅದು ಬಂದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಆಮೇಲೆ ಓಸಿಐ, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು. ಓಸಿಐ ಶುಲ್ಕ 275 ಡಾಲರಿಗೆ ಸಮನಾದ ಯೂರೋ. ಓಸಿಐ ಇದ್ದರೆ ವೀಸಾ ಬೇಡ, ಮತ ಇಲ್ಲ. ಊರಲ್ಲಿ ಹೊಲ, ತೋಟ ಕೊಳ್ಳುವಂತಿಲ್ಲ, ಅಪ್ಪನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ತೋಟ ಕೊಳ್ಳುವ ಆಸೆಯಿದ್ದವರು ಈ ಒಂದು ಸಾಲಿಗಾಗಿಯೇ ಅರ್ಜಿ ಹಾಕದೆ ಕೂತಿದ್ದಾರೆ, ಅವರ ಲೆಕ್ಕ ತಪ್ಪೇನಲ್ಲ.

ಕೊನೆಯ ತೊಡಕು ಇನಿಷಿಯಲ್‌ನವರದ್ದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ, ಅಥವಾ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಒಂದೇ ಸಾಲಿನಲ್ಲಿದ್ದರೆ, ಜರ್ಮನ್ ದಾಖಲೆಗೆ ಅದು ಹೊಂದುವುದಿಲ್ಲ. ಪೌರತ್ವ ಬಂದ ಮೇಲೆ ನೋಂದಣಿ ಕಚೇರಿಗೆ ಹೋಗಿ, ಇದ್ದ ಹೆಸರುಗಳಲ್ಲೇ ಯಾವುದು ಮೊದಲ ಹೆಸರು, ಯಾವುದು ಮನೆತನದ ಹೆಸರು ಎಂದು ಘೋಷಿಸಬಹುದು. ಇದನ್ನು ಪಾಸ್‌ಪೋರ್ಟಿಗೆ ಮೊದಲೇ ಮಾಡಿ, ಇಲ್ಲದಿದ್ದರೆ ಪಾಸ್‌ಪೋರ್ಟಿಗೂ ಓಸಿಐಗೂ ಎರಡೆರಡು ಸಲ ದುಡ್ಡು. ನಮ್ಮಲ್ಲಿ ಆ ಕಚೇರಿಯ ದಿನ ಸಿಕ್ಕಿದ್ದು ಜನವರಿ ಎರಡನೇ ವಾರಕ್ಕೆ. ಸಂಕ್ರಾಂತಿಗೆ ಊರಿಗೆ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿಯಾಗಿದೆ.